ಊಟದ ನಂತರದ ಬೆಸುಗೆ

ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನ್ನ ಅಡುಗೆಯ ಬಗ್ಗೆ ಯಾರೂ ತುಟಿ ಪಿಟಕ್ಕೆಂದಿರಲಿಲ್ಲ. ಉಪ್ಪು ಹೆಚ್ಚಾದ ದಿನವೂ ಎರಡು ಲೋಟ ನೀರು ಕುಡಿದು ಸುಮ್ಮನಾದ ಜನ ಇವರು. ಅಂಥದ್ದರಲ್ಲಿ, ದೋಣಿಯ ತಳದಲ್ಲಿ ತೂತು ಬೀಳುವುದಕ್ಕೆ ನನ್ನ ಮಧ್ಯಾಹ್ನದ ಊಟವೇ ಕಾರಣ ಅಂದರೆ ಮೈ ಉರಿಯುವುದಿಲ್ಲವೇ? ಅಂದವರು ಹೊರಗಿನವರಲ್ಲ, ನನ್ನ ಗಂಡನೇ.

"ಬೆಳಿಗ್ಗೆ ಹಾಕಿದ ಬೆಸುಗೆ ಗಟ್ಟಿಯಾಗಿದೆ. ಮಧ್ಯಾಹ್ನದ್ದು ಮಾತ್ರ ಯಾಕೆ ಕೆಡುತ್ತೆ? ಹೊಟ್ಟೆ ಬಿರಿಯೋ ಹಾಗೆ ತಿಂದು ತೂಕಡಿಸ್ತಾಳೆ, ಅಷ್ಟೇ," ಅಂದರು ರಾತ್ರಿ ಊಟಕ್ಕೆ ಕೂತಾಗ.

"ನಾನು ತೂಕಡಿಸಲ್ಲ ಅಣ್ಣಾ," ಅಂದಳು ನನ್ನ ನಾದಿನಿ.

"ಮತ್ತೆ ತೂತು ಆಕಾಶದಿಂದ ಬಿತ್ತಾ?"

"ನೀವೂ ಅದೇ ಊಟ ತಾನೇ ಉಣ್ಣೋದು?" ಎಂದೆ ನಾನು. "ಉಂಡ ಮೇಲೆ ಗೊರಕೆ ಹೊಡೆಯೋರು ಯಾರು ಅಂತ ಈ ಮನೇಲಿ ಎಲ್ಲರಿಗೂ ಗೊತ್ತು."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮಾವ ನಗಲಿಲ್ಲ. ಬೆಸುಗೆಯ ಮಾತು ಶುರುವಾದ ಕೂಡಲೇ ಅವರು ತಟ್ಟೆ ಎತ್ತಿಕೊಂಡು ಹಿತ್ತಿಲ ಮೆಟ್ಟಿಲಿಗೆ ಹೋಗಿ ಕೂತುಬಿಡುತ್ತಿದ್ದರು. ಆವತ್ತೂ ಹಾಗೇ ಹೋದರು.

ನಮ್ಮದು ಉಕ್ಕಿನ ದೋಣಿ ಕಟ್ಟುವ ಮನೆ. ಮನೆಯ ಹಿಂದೆ ಶೆಡ್ಡು, ಶೆಡ್ಡಿನ ಹಿಂದೆ ನೀರು. ಮಾವನ ತಂದೆಯ ಕಾಲದಲ್ಲಿ ಒಂದು ಪ್ಲೇಟಿನ ಅಂಚಿನ ಮೇಲೆ ಇನ್ನೊಂದರ ಅಂಚು ಹೊದಿಸಿ, ತೂತು ಕೊರೆದು, ಕೆಂಪಗೆ ಕಾಯಿಸಿದ ರಿವೆಟ್ಟು ತೂರಿಸಿ ಬಡಿಯುತ್ತಿದ್ದರಂತೆ. ಬಡಿದು ಬಡಿದು ಆ ಹಿರಿಯರ ಕಿವಿಯೇ ಹೋಗಿತ್ತು. ಅತ್ತೆ ಹೊಸದಾಗಿ ಬಂದಾಗ ಅವರನ್ನು ಊಟಕ್ಕೆ ಕರೆಯಲು ಹೋಗಿ ಭುಜ ಮುಟ್ಟಬೇಕಿತ್ತಂತೆ. ಮಾವ ಕೆಲಸಕ್ಕೆ ಇಳಿದ ಮೇಲೆ ರಿವೆಟ್ಟು ಹೋಯಿತು, ವೆಲ್ಡಿಂಗ್ ಕಡ್ಡಿ ಬಂತು. ಮದ್ದು ಮೆತ್ತಿದ ಆ ಕಡ್ಡಿಗೆ ತೇವ ತಾಗಬಾರದು. ಹಾಗಾಗಿ ಅತ್ತೆ ಬ್ರೆಡ್ಡು ಬೇಯಿಸುವ ಓವನ್ನಿನಲ್ಲೇ ಮಾವ ಕಡ್ಡಿ ಒಣಗಿಸುತ್ತಿದ್ದರು. ಅತ್ತೆಯ ಬ್ರೆಡ್ಡಿಗೆ ಕಬ್ಬಿಣದ ವಾಸನೆ ಬರುತ್ತದೆ ಎಂದು ನೆಂಟರು ಮೂಗು ಮುರಿದದ್ದನ್ನು ಅವರು ಇವತ್ತಿಗೂ ಮರೆತಿಲ್ಲ.

ಈಗ ಮಾವನ ಕಣ್ಣು ಮಂಜು, ಎದೆ ತುಂಬ ಕೆಮ್ಮು. ನನ್ನ ಗಂಡ ಪ್ಲೇಟು ಕತ್ತರಿಸುವುದರಲ್ಲಿ, ಬಗ್ಗಿಸುವುದರಲ್ಲಿ ಎತ್ತಿದ ಕೈ. ಆದರೆ ಬೆಸುಗೆ ಅವರ ಕೈಗೆ ಒಗ್ಗಿದ್ದಲ್ಲ. ಒಗ್ಗಿದ್ದು ನಾದಿನಿಗೆ. ಚಿಕ್ಕಂದಿನಲ್ಲಿ ಕಿಡಿ ಹಾರುವ ಕಡೆಗೇ ಓಡುತ್ತಿದ್ದಳೆಂದು ಎಲ್ಲರೂ ಅವಳನ್ನು ಕಿಡಿ ಅಂತಲೇ ಕರೆಯುವುದು. ಅವಳು ಹೊರಗೆ ಹೋಗಿ ಹೊಸ ಬಗೆಯ ಬೆಸುಗೆ ಕಲಿತು ಬಂದಳು. ಅದರಲ್ಲಿ ಕಡ್ಡಿಯಿಲ್ಲ. ಸುರುಳಿಯಿಂದ ತಂತಿ ತಾನಾಗಿ ಬರುತ್ತದೆ, ಜೊತೆಗೆ ಸಿಲಿಂಡರಿನಿಂದ ಗ್ಯಾಸು. ಕಡ್ಡಿ ಬದಲಿಸಲು ನಿಲ್ಲಬೇಕಿಲ್ಲ, ಬೆಸುಗೆಯ ಮೇಲೆ ಕಟ್ಟಿದ ಕಿಟ್ಟವನ್ನು ಸುತ್ತಿಗೆಯಲ್ಲಿ ಕುಟ್ಟಿ ಉದುರಿಸಬೇಕಿಲ್ಲ.

ಆ ಬೆಸುಗೆಯ ಮೆಷಿನ್ನು ಮನೆಗೆ ಬಂದ ದಿನವೇ ಜಗಳವಾಯಿತು.

"ಗೇಟು ಮಾಡು, ಕಿಟಕಿ ಸರಳು ಮಾಡು. ದೋಣಿಯ ಒಡಲಿಗೆ ಮಾತ್ರ ಇದು ತಾಗಬಾರದು," ಎಂದು ಮಾವ ಕಡ್ಡಿ ಮುರಿದಂತೆ ಹೇಳಿದರು. "ನೀರಿನ ಕೆಳಗಿರೋ ಬೆಸುಗೆ ಅಂದ್ರೆ ಆಟ ಅಲ್ಲ. ಜನ ಅದರ ಮೇಲೆ ಕೂತು ಹೋಗ್ತಾರೆ."

"ತಾತ ನಿನಗೂ ಇದನ್ನೇ ಅಂದಿದ್ದರಂತೆ ಅಪ್ಪಾ. ಅಂಟಿಸಿದ ದೋಣಿ ನೀರಲ್ಲಿ ಬಿಚ್ಚಿಕೊಳ್ಳುತ್ತೆ ಅಂತ," ಅಂದಳು ಕಿಡಿ.

"ಅಂದಿದ್ದರು, ನಾನೇ ಕೇಳಿಸಿಕೊಂಡಿದ್ದೆ," ಎಂದು ಅತ್ತೆ ಒಳಗಿನಿಂದ ದನಿಗೂಡಿಸಿದರು.

"ನೀನು ಸುಮ್ಮನಿರು," ಅಂದರು ಮಾವ. "ಕಡ್ಡಿಯಲ್ಲಿ ನಾನು ಕಟ್ಟಿದ ಒಂದು ದೋಣಿ ಸೋರಿದೆಯಾ? ಕೇಳು ನಿನ್ನ ಅಮ್ಮನನ್ನ."

ಆಗ ಕಿಡಿ ಅನ್ನಬಾರದ ಮಾತು ಅಂದುಬಿಟ್ಟಳು. "ದೋಣಿ ಸೋರಿಲ್ಲ ಅಪ್ಪಾ, ನಿನ್ನ ಎದೆ ಸೋರಿದೆ. ಆ ಹೊಗೆ ಕುಡಿದು ಕುಡಿದು ನೀನು ಕೆಮ್ಮೋದನ್ನ ಕೇಳ್ತಾನೇ ನಾನು ಬೆಳೆದಿದ್ದು. ನಿನ್ನ ಹಾಗೆ ಕೆಮ್ಮಿಕೊಂಡು ಸಾಯೋದಕ್ಕೆ ನನಗಿಷ್ಟ ಇಲ್ಲ."

ಮಾವ ಅವಳ ಮುಖವನ್ನೇ ನೋಡಿದರು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಆವತ್ತಿನಿಂದ ಅಪ್ಪ ಮಗಳ ನಡುವೆ ಮಾತು ನಿಂತಿತು. 'ಉಪ್ಪು ಕೊಡು' ಅನ್ನುವುದಕ್ಕೂ ನಾನೇ ಮಧ್ಯವರ್ತಿ. ಒಂದೇ ಮೇಜಿನ ಆಚೆ ಈಚೆ ಕೂತವರಿಗೆ ಸಂದೇಶ ಸಾಗಿಸಿ ಸಾಗಿಸಿ ನನ್ನ ಅನ್ನ ಆರಿ ತಣ್ಣಗಾಗುತ್ತಿತ್ತು.

ಆದರೂ ದೋಣಿ ಕಟ್ಟಲೇಬೇಕಿತ್ತು. ಒಬ್ಬ ಮೀನು ವ್ಯಾಪಾರಿ ದೋಣಿ ಮಾಡಿಕೊಡಲು ಹೇಳಿದ್ದ. ಮಾವನ ಕಣ್ಣು ಬೆಸುಗೆಯ ಗೆರೆ ಹಿಡಿಯುತ್ತಿರಲಿಲ್ಲ. ಬೇರೆ ದಾರಿ ಕಾಣದೆ ನನ್ನ ಗಂಡ ತಂಗಿಯ ಕೈಗೇ ಕೆಲಸ ಕೊಟ್ಟರು. ಕೊಡುವಾಗಲೇ ಒಂದು ಮಾತೂ ಹೇಳಿದರು: "ನೋಡು, ತಳ ಪೂರಾ ನಿನ್ನದು. ಪರೀಕ್ಷೆಯಲ್ಲಿ ಗೆದ್ದರೆ ಇನ್ನು ಮುಂದೆ ಈ ಶೆಡ್ಡಿಗೆ ನೀನೇ ಮೇಸ್ತ್ರಿ. ಕೆಟ್ಟರೆ ಹೊರಗಿನ ವೆಲ್ಡರನ್ನ ಕರೆಸ್ತೀನಿ. ನೀನು ಗೇಟು ಮಾಡ್ಕೊಂಡಿರು. ಆಮೇಲೆ ಅಳಬಾರದು."

"ಅಳೋರು ಯಾರು?" ಅಂದಳು ಕಿಡಿ.

ನಮ್ಮಲ್ಲಿ ಪರೀಕ್ಷೆ ಅಂದರೆ ರಿವೆಟ್ಟಿನ ಕಾಲದಿಂದ ಬಂದದ್ದು. ಕೂಡಿಸಿದ ಜಾಗಕ್ಕೆ ಹೊರಗಿನಿಂದ ಸುಣ್ಣ ಬಳಿಯುವುದು, ಒಳಗಿನಿಂದ ಸೀಮೆಎಣ್ಣೆ ಸವರುವುದು. ನೀರು ನುಸುಳದ ಕಡೆಯೂ ಸೀಮೆಎಣ್ಣೆ ನುಸುಳುತ್ತದೆ. ಕೂದಲೆಳೆಯಷ್ಟು ತೂತಿದ್ದರೂ ಬಿಳಿ ಸುಣ್ಣದ ಮೇಲೆ ಕಪ್ಪು ಮಚ್ಚೆ ಎದ್ದು ಕಾಣುತ್ತದೆ. ಅಲ್ಲಿ ಯಾರ ಮಾತಿನ ಜೋರೂ ನಡೆಯುವುದಿಲ್ಲ.

ಮೊದಲ ಪರೀಕ್ಷೆಯಲ್ಲೇ ಮಚ್ಚೆ ಬಿತ್ತು. ಕಿಡಿ ಆ ಜಾಗವನ್ನು ಗ್ರೈಂಡರಿನಲ್ಲಿ ಕೊರೆದು ತೆಗೆದು ಮತ್ತೆ ಬೆಸೆದಳು. ಮರುವಾರ ನೋಡಿದರೆ ಬೇರೆ ಕಡೆ ಮಚ್ಚೆ. ಸಿಲಿಂಡರು ಬದಲಿಸಿದಳು, ಪೈಪು ನೋಡಿದಳು, ತಂತಿಯ ಸುರುಳಿಯನ್ನೇ ಹೊಸದು ತಂದಳು. ಮೇಜಿನ ಮೇಲೆ ಚೂರು ಪ್ಲೇಟು ಇಟ್ಟು ಬೆಸೆದು ನೋಡಿದರೆ ಗಾಜಿನಷ್ಟು ನುಣುಪು. ದೋಣಿಯೊಳಗೆ ಹೋದರೆ, ಅದೂ ಊಟವಾದ ಮೇಲೆ, ಸೂಜಿಯಲ್ಲಿ ಚುಚ್ಚಿದ ಹಾಗೆ ತೂತು.

"ಅತ್ತಿಗೇ, ನನ್ನ ಕೈಗೇನಾಗಿದೆ?" ಎಂದು ಒಂದು ದಿನ ಪಾತ್ರೆ ತೊಳೆಯುತ್ತ ಕೇಳಿದಳು. ಅಳುವುದಿಲ್ಲ ಅಂದವಳ ಮೂಗು ಕೆಂಪಾಗಿತ್ತು.

"ಕೈಗೇನೂ ಆಗಿಲ್ಲ. ನಾಳೆಯಿಂದ ಮಧ್ಯಾಹ್ನ ಬರೀ ಗಂಜಿ ಕೊಡ್ತೀನಿ. ನೋಡೇಬಿಡೋಣ," ಎಂದೆ.

ಮಾತಿಗೆ ತಪ್ಪಲಿಲ್ಲ. ಮೀನಿಲ್ಲ, ಮೊಟ್ಟೆಯಿಲ್ಲ, ಮೂರು ದಿನ ಮನೆಮಂದಿಗೆಲ್ಲ ಗಂಜಿ. ನನ್ನ ಗಂಡ ತಟ್ಟೆ ನೋಡಿ, "ಯಾರಿಗೆ ಹುಷಾರಿಲ್ಲ?" ಅಂದರು. "ನಿಮ್ಮ ನಾಲಿಗೆಗೆ," ಎಂದೆ. ಗಂಜಿ ಕುಡಿದರೂ ತೂತು ಬೀಳುವುದು ನಿಲ್ಲಲಿಲ್ಲ. ನನ್ನ ಊಟದ ಮೇಲಿನ ಆರೋಪ ಅಲ್ಲಿಗೆ ಸುಳ್ಳಾಯಿತಲ್ಲ ಎಂದು ಒಂದು ಕಡೆ ಸಮಾಧಾನ, ಕಿಡಿಯ ಮುಖ ನೋಡಿದರೆ ಸಂಕಟ.

ನನ್ನ ಗಂಡನಿಗೂ ತಾಳ್ಮೆ ಮುಗಿದಿತ್ತು. "ಸಾಕು. ಹೊರಗಿನ ವೆಲ್ಡರಿಗೆ ಹೇಳಿ ಆಗಿದೆ. ನಾಳೆ ಬರ್ತಾನೆ," ಅಂದರು. ಕಿಡಿ ಎದುರಾಡಲಿಲ್ಲ. ಅವಳು ಎದುರಾಡದೇ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. "ಇವತ್ತಿನ ಕೆಲಸ ಮುಗಿಸ್ತೀನಿ," ಎಂದಷ್ಟೇ ಹೇಳಿ ಎದ್ದಳು.

ಆ ಮಧ್ಯಾಹ್ನ ಪಾತ್ರೆಗಳನ್ನು ಹಾಗೇ ಬಿಟ್ಟು ನಾನೂ ಶೆಡ್ಡಿಗೆ ಹೋದೆ. ತೂಕಡಿಸುತ್ತಾಳೋ ಇಲ್ಲವೋ ಕಣ್ಣಾರೆ ನೋಡಿಯೇ ತೀರಬೇಕು ಎಂದು ಹಠ. ದೋಣಿ ಶೆಡ್ಡಿನ ತುಂಬ ನಿಂತಿತ್ತು, ಅದರ ಹಿಂಬದಿ ನೀರಿನ ಕಡೆಯ ದೊಡ್ಡ ಬಾಗಿಲಿನತ್ತ. ಹಿಂಬದಿಯ ಪ್ಲೇಟು ಇನ್ನೂ ಕೂರಿಸಿರಲಿಲ್ಲವಾದ್ದರಿಂದ ಒಳಗೆಲ್ಲ ಕಾಣುತ್ತಿತ್ತು. ಕಿಡಿ ಒಳಗಿನ ತುದಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ, ಚರ್ಮದ ಕೋಟು ತೊಟ್ಟು, ಮುಖವಾಡ ಇಳಿಸಿ ಕೂತಿದ್ದಳು. ಒಂದೇ ಉಸಿರಿಗೆ ಉದ್ದಕ್ಕೂ ಎಳೆಯುತ್ತಿರಲಿಲ್ಲ. ಇಲ್ಲಿ ಒಂದು ಗೇಣು ಬೆಸೆದರೆ ಮುಂದಿನದು ಅಷ್ಟು ದೂರದಲ್ಲಿ, ಅದರ ಮುಂದಿನದು ಮತ್ತೆ ಈಚೆ. ಒಂದೇ ಕಡೆ ಕಾದರೆ ಪ್ಲೇಟು ಸೊಟ್ಟಗಾಗುತ್ತದೆ. ಅದು ಮಾವನೇ ಕಲಿಸಿದ ಕ್ರಮ. ಅವಳು ತೂಕಡಿಸುತ್ತಿರಲಿಲ್ಲ. ನನ್ನ ಗಂಡನಿಗೆ ತಕ್ಕ ಉತ್ತರ ಸಿಕ್ಕಿತೆಂದು ಹೊರಡುವಷ್ಟರಲ್ಲಿ ಬಾಗಿಲ ಹತ್ತಿರ ಮಾವ ಕಂಡರು.

ಬೆಳಿಗ್ಗೆಯೆಲ್ಲ ಪೇಟೆಯಿಂದ ಮೀನು ತರಕಾರಿ ತರುವ ಕೆಲಸ ಅವರದು. ಊಟವಾದ ಮೇಲೆ ನೀರಿನ ಕಡೆ ಅಡ್ಡಾಡಿ ಬರುತ್ತೇನೆ ಅನ್ನುತ್ತಿದ್ದರು. ಅಡ್ಡಾಡುವವರು ಇಲ್ಲಿ ಬಂದು ನಿಂತಿದ್ದರು. ದೋಣಿಯೊಳಗೆ ಬೆಸುಗೆಯ ಸರ್‌ರ್ ಸದ್ದು ಶುರುವಾದ ಕೂಡಲೇ ದೊಡ್ಡ ಬಾಗಿಲನ್ನು ಮೆಲ್ಲಗೆ ಒಂದು ಮೊಳ ಸರಿಸಿದರು. ನೀರಿನ ಮೇಲಿನ ಗಾಳಿ ಒಳಗೆ ನುಗ್ಗಿತು. ಮಾವ ತಲೆಯ ಟೋಪಿ ತೆಗೆದು ಹೊಗೆಯನ್ನು ಬೀಸಿ ಬೀಸಿ ಹೊರಗೆ ಅಟ್ಟತೊಡಗಿದರು. ಸದ್ದು ನಿಂತಿತೋ, ಬಾಗಿಲು ಮತ್ತೆ ಮುಚ್ಚಿಕೊಂಡಿತು.

"ಮಾವ, ಏನ್ಮಾಡ್ತಿದೀರಿ?"

ಬೆಚ್ಚಿಬಿದ್ದರು. "ಶ್! ಮೆಲ್ಲಗೆ ಮಾತಾಡಮ್ಮ. ಬಾಗಿಲು ಹಾಕ್ಕೊಂಡು ಹೊಗೆಯೊಳಗೆ ಕೂತಿರ್ತಾಳೆ, ಹಠಮಾರಿ. ನನ್ನ ಎದೆ ಹೋಯ್ತು, ಹೋಗ್ಲಿ. ಅವಳಿಗಿನ್ನೂ ವಯಸ್ಸಿದೆ."

"ಹೇಳಿ ತೆಗೀಬಾರದಾ?"

"ನನ್ನ ಹತ್ತಿರ ಮಾತಾಡ್ತಾಳಾ ಅವಳು? ನೀನೂ ಹೇಳಬೇಡ. ನನ್ನಾಣೆ."

ಇಷ್ಟು ದಿನ ಮುಖ ಗಂಟಿಕ್ಕಿಕೊಂಡು ತಿರುಗಿದ ಮನುಷ್ಯ ಕದ್ದು ಬಂದು ಮಗಳಿಗೆ ಗಾಳಿ ಬೀಸುತ್ತಿದ್ದರು. ಆಯಿತು ಎಂದು ತಲೆಯಾಡಿಸಿ ಮನೆಗೆ ಬಂದೆ. ಗಾಳಿಗೂ ತೂತಿಗೂ ಸಂಬಂಧ ಕಟ್ಟುವಷ್ಟು ಬೆಸುಗೆಯ ವಿದ್ಯೆ ನನಗೆಲ್ಲಿತ್ತು?

ಸಂಜೆ ಅಡುಗೆಮನೆಯಲ್ಲಿ ಅತ್ತೆ ಮೀನು ಹುರಿಯುತ್ತಿದ್ದರು. ಗಂಜಿಯ ವನವಾಸ ಮುಗಿಸಿದ್ದೆ. ಎಲ್ಲರೂ ಮೇಜಿನ ಸುತ್ತ ಇದ್ದರು. ಎಣ್ಣೆ ಹೊಗೆಗೆ ಮಾವ ಕೆಮ್ಮಿದರು. ಎದ್ದು ಹೋಗಿ ಒಲೆಯ ಪಕ್ಕದ ಕಿಟಕಿ ತೆರೆದರು.

"ರೀ, ಕಿಟಕಿ ಹಾಕಿ!" ಎಂದು ಅತ್ತೆ ಕೂಗಿದರು. "ಉರಿಯೆಲ್ಲ ಆ ಕಡೆ ಹಾರಿಹೋಗ್ತಿದೆ. ಬಾಣಲೆಗೆ ತಾಗೋದೇ ಇಲ್ಲ. ಎಷ್ಟು ಸಲ ಹೇಳೋದು ನಿಮಗೆ? ಗ್ಯಾಸ್ ಒಲೆ ಇದು, ಸೌದೆ ಒಲೆ ಅಲ್ಲ!"

ಮಾವ ಕಿಟಕಿ ಹಾಕಲಿಲ್ಲ. ಒಂದು ಪಕ್ಕಕ್ಕೆ ಬಾಗಿ ಒದ್ದಾಡುತ್ತಿದ್ದ ನೀಲಿ ಉರಿಯನ್ನೇ ನೋಡುತ್ತ ನಿಂತರು. ಆಮೇಲೆ ಕಿಟಕಿ ಮುಚ್ಚಿದರು, ಉರಿ ನೆಟ್ಟಗಾಯಿತು. ಮತ್ತೆ ತೆರೆದರು, ಬಾಗಿತು.

"ನಿಮಗೇನು ತಲೆ ಕೆಟ್ಟಿದೆಯಾ?" ಅಂದರು ಅತ್ತೆ.

ಮಾವ ತಿರುಗಿದರು. ಎಷ್ಟೋ ದಿನಗಳ ನಂತರ ನೇರವಾಗಿ ಮಗಳ ಮುಖ ನೋಡಿ ಕೇಳಿದರು, "ಆ ನಿನ್ನ ಮೆಷಿನ್ನಿಗೆ ಗ್ಯಾಸ್ ಯಾಕೆ ಬಿಡ್ತೀಯ?"

ಕಿಡಿ ತಬ್ಬಿಬ್ಬಾದಳು. ನನ್ನ ಕಡೆ ನೋಡಿದಳು, ಈ ಸಂದೇಶ ಯಾರು ಸಾಗಿಸಬೇಕು ಎಂಬ ಹಾಗೆ.

"ನಿನ್ನನ್ನೇ ಕೇಳ್ತಿರೋದು."

"ಗಾಳಿ ತಾಗಬಾರದು ಅಂತ ಅಪ್ಪಾ. ಕರಗಿದ ಉಕ್ಕಿಗೆ ಗಾಳಿ ಸೇರಿದರೆ ಗುಳ್ಳೆ ಏಳುತ್ತೆ. ನಿನ್ನ ಕಡ್ಡಿಯಲ್ಲಿ ಮೇಲಿನ ಮದ್ದು ಕರಗಿ ಮುಚ್ಚಿಕೊಳ್ಳುತ್ತಲ್ಲ, ಇಲ್ಲಿ ಗ್ಯಾಸ್ ಮುಚ್ಚಿಕೊಳ್ಳುತ್ತೆ. ಅದಕ್ಕೇ ಬಾಗಿಲು ಹಾಕ್ಕೊಂಡು ಕೂರೋದು. ಚೂರು ಗಾಳಿ ಬೀಸಿದರೂ ಗ್ಯಾಸ್ ಹಾರಿಹೋಗುತ್ತೆ."

"ಕಡ್ಡಿಗೆ ಗಾಳಿಯ ಭಯ ಇಲ್ಲ," ಅಂದರು ಮಾವ ತಮಗೆ ತಾವೇ. "ಜೀವಮಾನವೆಲ್ಲ ಬಾಗಿಲು ತೆಗೆದೇ ಬೆಸೆದಿದ್ದು ನಾನು."

ಕುರ್ಚಿ ಎಳೆದು ಕೂತರು. ನನಗೂ ಆಗ ಹೊಳೆಯಿತು. ಆಣೆ ಇತ್ತಲ್ಲ, ನಾನು ಬಾಯಿ ಬಿಡುವಂತಿರಲಿಲ್ಲ. ಅವರೂ ಬಿಡದಿದ್ದರೆ ಬೆಳಿಗ್ಗೆ ಹೊರಗಿನವನು ಬರುತ್ತಿದ್ದ. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಆ ತೂತೆಲ್ಲ ನನ್ನದು," ಅಂದರು ಮಾವ.

"ಏನಂದ್ರಿ ಅಪ್ಪಾ?" ಎಂದರು ನನ್ನ ಗಂಡ.

"ದಿನಾ ಮಧ್ಯಾಹ್ನ ಬಾಗಿಲು ತೆಗೀತಿದ್ದವನು ನಾನು. ಸದ್ದು ನಿಂತ ಕೂಡಲೇ ಹಾಕಿಬಿಡ್ತಿದ್ದೆ. ಹೊಗೆ ಹೋಗ್ಲಿ ಅಂತ. ನಿನ್ನ ತಂಗಿಯ ಕೈ ತಪ್ಪಿಲ್ಲ. ಮೊನ್ನೆ ದೋಣಿಯ ಮೈಗೆ ಮರದ ಪಟ್ಟಿ ಹಿಡಿದು ನೋಡಿದೆ, ಪ್ಲೇಟು ಎಲ್ಲೂ ಸೊಟ್ಟಗಾಗಿಲ್ಲ. ನಾನು ಬೆಸೆದಾಗಲೂ ಅಷ್ಟು ನೆಟ್ಟಗೆ ಬಂದಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು."

ಕಿಡಿ ಎದ್ದು ನಿಂತಳು. "ಅಪ್ಪಾ! ಬಾಗಿಲು ಹೋಗಿ ನೋಡಿದ್ದೇ ನೋಡಿದ್ದು ನಾನು. ನೋಡಿದಾಗೆಲ್ಲ ಹಾಕೇ ಇರ್ತಿತ್ತು. ನನ್ನ ಕೈಗೇ ಶಾಪ ಹಾಕ್ಕೊಂಡು ಸತ್ತೆ. ಒಂದು ಮಾತು ಕೇಳಬಾರದಿತ್ತಾ ನೀನು?"

"ನೀನು ಹೇಳಬಾರದಿತ್ತಾ?"

"ನಿನಗೆ ನಾನು ಹೇಳಿಕೊಡೋದಾ?"

"ಈಗ ಹೇಳಿದೆಯಲ್ಲ. ಕೇಳಿಸಿಕೊಂಡೆನಲ್ಲ."

ಕಿಡಿ ಬೈಯಲು ಬಾಯಿ ತೆರೆದಳು. ಅಳು ಬಂತು. ಅಳುತ್ತಲೇ ನಗುವೂ ಬಂತು. "ಕೆಮ್ಮಿನ ಮಾತು ನಾನು ಆಡಬಾರದಿತ್ತಪ್ಪಾ," ಅಂದಳು.

"ಸುಳ್ಳೇನೂ ಆಡಲಿಲ್ಲ ಬಿಡು," ಅಂದರು ಮಾವ, ಮೀನಿನ ತಟ್ಟೆಯನ್ನು ಅವಳ ಕಡೆ ತಳ್ಳುತ್ತ.

ನಾನು ನನ್ನ ಗಂಡನ ಕಡೆ ತಿರುಗಿದೆ. "ಈಗ ಹೇಳಿ. ಯಾರ ಊಟದ ತಪ್ಪು?"

ಅವರು ತಲೆ ತಗ್ಗಿಸಿ ಮುಳ್ಳು ಬಿಡಿಸತೊಡಗಿದರು.

ಹೊರಗಿನ ವೆಲ್ಡರು ಬೆಳಿಗ್ಗೆ ಬಂದಾಗ ಮಾವನೇ ಗೇಟಿನಲ್ಲಿ ನಿಂತು ಚಹಾ ಕುಡಿಸಿ, ಕ್ಷಮೆ ಕೇಳಿ ಕಳಿಸಿದರು. ನನ್ನ ಗಂಡ ಬಾಯಿ ಮುಚ್ಚಿಕೊಂಡು ಒಂದು ಒಳ್ಳೆಯ ಕೆಲಸ ಮಾಡಿದರು. ಫ್ಯಾನಿಗೆ ಉದ್ದನೆಯ ಪೈಪು ಜೋಡಿಸಿ, ಅದರ ಬಾಯಿಯನ್ನು ಬೆಸುಗೆಯ ಮೇಲಕ್ಕೆ ತೂಗುಹಾಕಿದರು. ಗಾಳಿ ಬೀಸದೆಯೇ ಹೊಗೆ ಪೈಪಿನಲ್ಲಿ ಹೊರಗೆ ಹೋಗುವ ಹಾಗೆ. ಎಷ್ಟು ಮೇಲಿರಬೇಕೆಂದು ಕಿಡಿ ಹೇಳಿದಳು. ಗ್ಯಾಸನ್ನೂ ಎಳೆದುಬಿಟ್ಟರೆ ಮತ್ತೆ ಮೊದಲಿನ ಕಥೆಯೇ. ತೂತಿನ ಬೆಸುಗೆಗಳನ್ನೆಲ್ಲ ಮಾವನೇ ಗ್ರೈಂಡರು ಹಿಡಿದು ಕೊರೆದು ತೆಗೆದರು. ಬೇಡ ಅಂದರೂ ಕೇಳಲಿಲ್ಲ. "ನಾನು ಮಾಡಿದ ತೂತು, ನಾನೇ ತೆಗೀತೀನಿ," ಅಂದರು.

ಮಧ್ಯಾಹ್ನವಾದರೆ ದೊಡ್ಡ ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು, ಬಕೆಟ್ಟು ಬೋರಲು ಹಾಕಿ ಕೂರುತ್ತಿದ್ದರು. ಬೆವರು ಧಾರಾಕಾರ. ನೀರು ಕೊಡಲು ಹೋದ ನನಗೂ ಕಿಂಡಿಯಿಂದಲೇ ಲೋಟ ದಾಟಿಸುವ ಶಿಕ್ಷೆ.

ಕೊನೆಯ ಬೆಸುಗೆಯ ದಿನ ಮೀನು ವ್ಯಾಪಾರಿ ದೋಣಿ ನೋಡಲು ಬಂದ. ಬಾಗಿಲು ಬಡಿದ.

"ಯಾರೇ ಆಗ್ಲಿ, ಆಮೇಲೆ ಬನ್ನಿ," ಅಂದರು ಮಾವ ಒಳಗಿನಿಂದ.

"ನಾನು ರೀ, ದೋಣಿ ನಂದೇ!"

"ನೀರಿಗೆ ಇಳಿದ ಮೇಲೆ ನಿಮ್ಮದು. ಈಗ ಒಳಗೆ ಬೆಸುಗೆ ನಡೀತಿದೆ."

ವ್ಯಾಪಾರಿ ಬಿಸಿಲಲ್ಲಿ ಗೊಣಗುತ್ತ ನಿಂತ. ನಾನು ಅವನಿಗೆ ಒಂದು ಸ್ಟೂಲು ತಂದುಕೊಟ್ಟೆ. ಒಳಗಿನ ಸದ್ದು ನಿಂತಾಗ ಮಾವನ ದನಿ ಕೇಳಿಸಿತು, "ಮಗಾ, ಬಾಗಿಲು ತೆಗೀಲಾ?" ಆ ಶೆಡ್ಡಿನ ಬಾಗಿಲು ತೆಗೆಯಲು ಅವರು ಯಾರನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ಇನ್ನೊಂದು ಗೇಣು ಇದೆ ಅಪ್ಪಾ, ತಡಿ!"

ತಡೆದರು. ಮತ್ತೆ ಕೇಳಿದರು. ಅವಳು ಹ್ಞೂಂ ಅಂದ ಮೇಲೆಯೇ ಬಾಗಿಲು ತೆರೆದದ್ದು.

ಮರುದಿನ ಎಲ್ಲರೂ ಸೇರಿದೆವು. ಹೊರಗೆ ಸುಣ್ಣ ಬಳಿದವರು ಮಾವ, ಒಳಗೆ ಸೀಮೆಎಣ್ಣೆ ಸವರಿದವಳು ಕಿಡಿ. ಸವರಿ ಇಳಿದು ಬಂದು ಎಲ್ಲರಿಂದ ದೂರ ನಲ್ಲಿಯ ಹತ್ತಿರ ನಿಂತಳು. ನನ್ನ ಗಂಡ ಉಗುರು ಕಚ್ಚುತ್ತಿದ್ದರು. ಅತ್ತೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದಿದ್ದರು. ಕಾದೆವು. ಮಾವ ಮಂಜುಗಣ್ಣನ್ನು ಪ್ಲೇಟಿಗೆ ತಾಗಿಸುವಷ್ಟು ಹತ್ತಿರ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮಂಡಿಯೂರಿ ಸರಿಯುತ್ತ ಹೋದರು. ಮತ್ತೆ ಅದೇ ದಾರಿಯಲ್ಲಿ ವಾಪಸು ಬಂದರು.

"ಬಿಳಿ," ಅಂದರು. "ಪೂರಾ ಬಿಳಿ."

ನನ್ನ ಗಂಡ ಶಿಳ್ಳೆ ಹೊಡೆದರು. ವ್ಯಾಪಾರಿಯೂ ಬಗ್ಗಿ ನೋಡಿದ, ಬೆರಳಾಡಿಸಿದ, ಮೆಚ್ಚಿ ತಲೆದೂಗಿದ. "ನಿಮ್ಮ ಕೈ ಇನ್ನೂ ಹಾಗೇ ಇದೆ ಬಿಡಿ ಮೇಸ್ತ್ರಿಗಳೇ," ಎಂದು ಮಾವನ ಕೈ ಹಿಡಿದುಕೊಂಡ.

ಮಾವ ಕೈ ಬಿಡಿಸಿಕೊಂಡರು. ಮಂಡಿಗೆ ಮೆತ್ತಿದ್ದ ಸುಣ್ಣ ಕೊಡವಿದರು.

"ಮೇಸ್ತ್ರಿ ಅಲ್ಲಿದಾಳೆ ನೋಡಿ, ನಲ್ಲಿ ಹತ್ತಿರ, ಮುಖ ತೊಳೀತಿದಾಳೆ," ಅಂದರು. "ನಾನು ಬಾಗಿಲು ಕಾಯೋನು."

ಕಿಡಿ ಮತ್ತೆ ಮತ್ತೆ ಮುಖ ತೊಳೆದಳು. ಆವತ್ತು ಮಧ್ಯಾಹ್ನ ನಾನು ಹೊಟ್ಟೆ ಬಿರಿಯುವಷ್ಟು ಬಡಿಸಿದೆ, ಉಂಡೆದ್ದು ಅವಳು ಒಂಚೂರೂ ತೂಕಡಿಸದೆ ನೇರ ಕೆಲಸಕ್ಕೆ ಹೋದಳು.